ಲಾರಾಳನ್ನು ಕೊಂದವನ ಹೆಸರು ಹೇಳಬೇಕಿತ್ತಾ?

ಈ ಬರಹದಲ್ಲಿ ಕೊಲೆಗಾರನ ಹೆಸರು ಬರುತ್ತದೆ. ‘ಟ್ವಿನ್ ಪೀಕ್ಸ್’ ಧಾರಾವಾಹಿ ನೋಡಬೇಕು ಅಂದುಕೊಂಡಿರುವವರು ಮೊದಲು ನೋಡಿ, ಆಮೇಲೆ ಬನ್ನಿ. ಗುಟ್ಟನ್ನು ಬಚ್ಚಿಟ್ಟುಕೊಂಡು ಈ ಪ್ರಕರಣದ ಬಗ್ಗೆ ಮಾತಾಡಲು ಆಗುವುದಿಲ್ಲ.

1990ರ ಏಪ್ರಿಲ್ 8, ಭಾನುವಾರ ರಾತ್ರಿ. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಒಂದು ಹೊಸ ಧಾರಾವಾಹಿ ಶುರುವಾಯಿತು. ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿಯ ಹತ್ತಿರ, ಮರದ ಮಿಲ್ಲನ್ನು ನಂಬಿಕೊಂಡ ಒಂದು ಕಾಲ್ಪನಿಕ ಊರು. ಬೆಳಗ್ಗೆ ಮೀನು ಹಿಡಿಯಲು ಹೊರಟ ಪೀಟ್ ಎಂಬುವನಿಗೆ ನೀರಿನ ದಂಡೆಯಲ್ಲಿ ಪ್ಲಾಸ್ಟಿಕ್ ಸುತ್ತಿದ ಹೆಣ ಕಾಣುತ್ತದೆ. ಹೈಸ್ಕೂಲಿನ ಹುಡುಗಿ, ಊರಿಗೆಲ್ಲ ಬೇಕಾದವಳು, ಲಾರಾ ಪಾಮರ್. ಆ ಮೊದಲ ಕಂತನ್ನು ಅವತ್ತು ನೋಡಿದವರು ಸುಮಾರು 3.5 ಕೋಟಿ ಜನ.

ಅಲ್ಲಿಂದಾಚೆಗೆ ಆ ದೇಶದಲ್ಲಿ ಒಂದೇ ಪ್ರಶ್ನೆ. ಲಾರಾಳನ್ನು ಕೊಂದದ್ದು ಯಾರು?

ನಿಗೂಢ ಕಥೆಯ ಧಾರಾವಾಹಿ ತಾನೇ ಎತ್ತಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕೋ ಬೇಡವೋ ಅನ್ನುವ ಚರ್ಚೆಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಯಾಕೆಂದರೆ ಇಲ್ಲಿ ಉತ್ತರ ಕೊಟ್ಟರು, ಒತ್ತಾಯಕ್ಕೆ ಕೊಟ್ಟರು, ಧಾರಾವಾಹಿ ಕುಸಿಯಿತು. ಆಮೇಲೆ 26 ವರ್ಷ ಕಳೆದ ಮೇಲೆ ಅದೇ ಜನ ವಾಪಸ್ ಬಂದು ಅದೇ ಗಾಯವನ್ನು ಮತ್ತೆ ಮುಟ್ಟಿದರು. ಕುಸಿದದ್ದಕ್ಕೆ ಉತ್ತರವೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನನಗೂ ಎಷ್ಟೋ ವರ್ಷ ಹಾಗೇ ಅನ್ನಿಸಿತ್ತು. ಎರಡನೇ ಸಲ ಪೂರ್ತಿ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು.

ಯಾರಿಗೆ ಏನು ಬೇಕಿತ್ತು

ಧಾರಾವಾಹಿಯನ್ನು ಹುಟ್ಟುಹಾಕಿದವರು ಇಬ್ಬರು. ಒಬ್ಬರು ಸಿನಿಮಾದಿಂದ ಬಂದ ಡೇವಿಡ್ ಲಿಂಚ್. ಇನ್ನೊಬ್ಬರು ಟಿವಿ ಬರವಣಿಗೆಯಲ್ಲಿ ಪಳಗಿದ ಮಾರ್ಕ್ ಫ್ರಾಸ್ಟ್. ಕೊಲೆಗಾರ ಯಾರು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೆ ಅದನ್ನು ಹೇಳುವ ವಿಷಯದಲ್ಲಿ ಇಬ್ಬರ ದಾರಿ ಬೇರೆ.

ಲಿಂಚ್‌ಗೆ ಹೇಳುವುದೇ ಬೇಡವಾಗಿತ್ತು. ಆ ಪ್ರಶ್ನೆ ನಿಧಾನವಾಗಿ ಹಿಂದಕ್ಕೆ ಸರಿಯಬೇಕು, ಊರಿನ ಉಳಿದ ಜನರ ಕಥೆಗಳು ಮುಂದೆ ಬರಬೇಕು, ಆದರೆ ಅದು ಯಾವತ್ತೂ ಮುಗಿಯಬಾರದು ಅನ್ನುವುದು ಅವರ ಆಸೆ. ಆ ಪ್ರಶ್ನೆ ಚಿನ್ನದ ಮೊಟ್ಟೆ ಇಡುವ ಕೋಳಿಯಾಗಿತ್ತು, ಅದನ್ನು ಕೊಯ್ದು ಹಾಕಿದೆವು ಅಂತ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಫ್ರಾಸ್ಟ್ ಅವರದು ಇನ್ನೊಂದು ಮಾತು. ಇಷ್ಟು ದಿನ ಕೂತು ನೋಡಿದ ಜನರಿಗೆ ನಾವು ಏನಾದರೂ ಕೊಡಲೇಬೇಕು, ಅದು ನಮ್ಮ ಮೇಲಿನ ಋಣ ಅನ್ನುವುದು ಅವರ ನಿಲುವು. ಇಬ್ಬರ ನಡುವೆ ಇದು ಎಳೆದಾಟವೇ ಆಗಿತ್ತು.

ಮೂರನೆಯವರು ಚಾನೆಲ್‌ನವರು. ಆಗ ಎಬಿಸಿಯ ಮನರಂಜನಾ ವಿಭಾಗದ ಮುಖ್ಯಸ್ಥರಾಗಿದ್ದವರು ಬಾಬ್ ಐಗರ್, ಮುಂದೆ ಡಿಸ್ನಿ ಕಂಪನಿಯನ್ನೇ ನಡೆಸಿದವರು. ಇಂಥದ್ದೊಂದು ವಿಚಿತ್ರ ಧಾರಾವಾಹಿಗೆ ಧೈರ್ಯವಾಗಿ ಜಾಗ ಕೊಟ್ಟವರೂ ಅವರೇ, ಬೇಗ ಉತ್ತರ ಹೇಳಿ ಅಂತ ಒತ್ತಿದವರೂ ಅವರೇ. ಅವರನ್ನು ಖಳನಾಯಕ ಮಾಡುವುದು ಸುಲಭ. ಆದರೆ ಮೊದಲ ಸೀಸನ್ ಮುಗಿದ ರೀತಿ ನೋಡಿ. 1990ರ ಮೇ 23ರಂದು ಎಂಟನೇ ಕಂತು ಮುಗಿಯಿತು. ಕೊಲೆಗಾರನ ಹೆಸರು ಬರಲಿಲ್ಲ. ಬದಲಿಗೆ ತನಿಖೆಗೆ ಬಂದ ಎಫ್‌ಬಿಐ ಏಜೆಂಟ್ ಡೇಲ್ ಕೂಪರ್‌ನಿಗೇ ಹೋಟೆಲ್ ರೂಮಿನ ಬಾಗಿಲಲ್ಲಿ ಗುಂಡು ಬಿತ್ತು. ಜನ ಸಿಟ್ಟಾದರು. ನಾಲ್ಕು ತಿಂಗಳು ಕಾಯಬೇಕಾಯಿತು. ಆ ಸಿಟ್ಟು ಸುಳ್ಳಲ್ಲ. ವಾರವಾರ ಕಾದು ಕೂತವರಿಗೆ ಕೇಳುವ ಹಕ್ಕಿದೆ ಅಲ್ವಾ?

ಅರ್ಧ ಉತ್ತರ ಮೊದಲೇ ಇತ್ತು, ಇನ್ನರ್ಧ ಕನ್ನಡಿಯಲ್ಲಿ ಸಿಕ್ಕಿತು

ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇದು. ಮೊದಲ ಕಂತಿನ ಚಿತ್ರೀಕರಣದಲ್ಲಿ ಫ್ರ್ಯಾಂಕ್ ಸಿಲ್ವಾ ಅನ್ನುವವರು ಸೆಟ್‌ನಲ್ಲಿ ಸಾಮಾನು ಜೋಡಿಸುವ ಕೆಲಸದಲ್ಲಿದ್ದರು. ಉದ್ದ ಬಿಳಿಗೂದಲು, ಚೂಪು ಮುಖ. ಲಾರಾಳ ಕೋಣೆಯಲ್ಲಿ ಸಾಮಾನು ಸರಿಸುತ್ತಿದ್ದಾಗ ಯಾರೋ, ಫ್ರ್ಯಾಂಕ್, ಒಳಗೇ ಸಿಕ್ಕಿಹಾಕಿಕೊಳ್ಳಬೇಡ ಮಾರಾಯ ಅನ್ನುವ ಅರ್ಥದಲ್ಲಿ ಕೂಗಿದರು. ಅದು ಲಿಂಚ್ ಕಿವಿಗೆ ಬಿತ್ತು. ಅವರನ್ನು ಹುಡುಗಿಯ ಮಂಚದ ಕಾಲಬುಡದಲ್ಲಿ ಕೂರಿಸಿ, ಯಾಕೆ ಅಂತ ತಮಗೇ ಗೊತ್ತಿಲ್ಲದೆ, ಒಂದು ಶಾಟ್ ತೆಗೆದರು. ಆಮೇಲೆ ಲಾರಾಳ ಅಮ್ಮ ಸಾರಾ ಬೆಚ್ಚಿಬಿದ್ದು ಕಿರುಚುವ ಶಾಟ್. ತೆಗೆದಾದ ಮೇಲೆ ಕ್ಯಾಮೆರಾದವರು, ಇದು ಹಾಳಾಯಿತು, ಹಿಂದಿನ ಕನ್ನಡಿಯಲ್ಲಿ ಯಾರೋ ಕಾಣುತ್ತಿದ್ದಾರೆ ಅಂದರು. ಯಾರು ಅಂತ ನೋಡಿದರೆ ಅದೇ ಫ್ರ್ಯಾಂಕ್.

ಲಿಂಚ್ ಆ ಶಾಟನ್ನು ಬಿಸಾಡಲಿಲ್ಲ. ಬಾಬ್ ಅನ್ನುವ ಪಾತ್ರ ಹುಟ್ಟಿದ್ದು ಹೀಗೆ. ಜನರ ಮೈಯೊಳಗೆ ಹೊಕ್ಕು ಕುಳಿತುಕೊಳ್ಳುವ, ಭಯವನ್ನೇ ತಿಂದು ಬದುಕುವ ಪೀಡೆ.

ಅಂದರೆ ಈ ಕಥೆಯಲ್ಲಿ ಎರಡು ಬಗೆಯ ಪ್ರಶ್ನೆ ಇದೆ. ಲಾರಾಳನ್ನು ಕೊಂದ ಕೈ ಯಾರದು? ಇದಕ್ಕೆ ಉತ್ತರ ಇತ್ತು. ಆಕೆಯ ಅಪ್ಪ ಲೀಲಂಡ್. ಬಾಬ್ ಅಂದರೆ ಏನು? ಇದಕ್ಕೆ ಉತ್ತರ ಬರೆದವರ ಕೈಯಲ್ಲೂ ಇರಲಿಲ್ಲ, ಕನ್ನಡಿಯಲ್ಲಿ ತಾನಾಗಿ ಬಂದು ನಿಂತದ್ದು ಅದು. ಮೊದಲನೆಯದು ಅಪರಾಧ. ಎರಡನೆಯದು ಭಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಿದ್ದರಿಂದಲೇ ಈ ಚರ್ಚೆ ಇಷ್ಟು ವರ್ಷವಾದರೂ ಬಗೆಹರಿದಿಲ್ಲ ಅನ್ನುವುದು ನನ್ನ ನಂಬಿಕೆ.

ನವೆಂಬರ್ 10

ಎರಡನೇ ಸೀಸನ್ ಸೆಪ್ಟೆಂಬರ್ 30ಕ್ಕೆ ಶುರುವಾಯಿತು. ಅದನ್ನು ಶನಿವಾರ ರಾತ್ರಿಗೆ ಹಾಕಿದರು. ಇಷ್ಟಪಟ್ಟು ನೋಡುತ್ತಿದ್ದ ಹರೆಯದವರು ಶನಿವಾರ ರಾತ್ರಿ ಮನೆಯಲ್ಲಿ ಎಲ್ಲಿರುತ್ತಾರೆ? 1990ರ ನವೆಂಬರ್ 10ರ ಕಂತಿನಲ್ಲಿ, ಮೊದಲಿನಿಂದ ಎಣಿಸಿದರೆ 15ನೆಯದರಲ್ಲಿ, ಉತ್ತರ ಬಂತು. ನಿರ್ದೇಶನ ಲಿಂಚ್ ಅವರದೇ. ಗುಟ್ಟು ಹೊರಗೆ ಹೋಗದಿರಲಿ ಅಂತ ಕೊಲೆಯ ದೃಶ್ಯವನ್ನು ಬೇರೆ ಬೇರೆ ನಟರನ್ನಿಟ್ಟು ತೆಗೆದರು. ಒಮ್ಮೆ ಲೀಲಂಡ್ ಆಗಿ ರೇ ವೈಸ್, ಒಮ್ಮೆ ಬಾಬ್ ಆಗಿ ಸಿಲ್ವಾ, ಒಮ್ಮೆ ಹೋಟೆಲ್ ಮಾಲೀಕ ಬೆನ್ ಹಾರ್ನ್ ಆಗಿ ರಿಚರ್ಡ್ ಬೇಮರ್. ರೇ ವೈಸ್ ಅವರಿಗೆ ಆಗ ಮನೆಯಲ್ಲಿ ಪುಟ್ಟ ಮಗಳಿದ್ದಳು. ಕೊಲೆಗಾರ ತಾನಾಗಿರಬಾರದು ಅಂತ ಅವರು ಮನಸ್ಸಿನಲ್ಲೇ ಬೇಡಿಕೊಂಡಿದ್ದರಂತೆ.

ದೃಶ್ಯ ಹೀಗಿದೆ. ಪಾಮರ್ ಮನೆಯ ಹಾಲ್. ಗ್ರಾಮಫೋನ್ ತಟ್ಟೆಯ ಹಾಡು ಮುಗಿದಿದೆ, ಮುಳ್ಳು ಮಾತ್ರ ಸುತ್ತುತ್ತಾ ಕರ್ ಕರ್ ಅನ್ನುತ್ತಿದೆ. ಸಾರಾ ಮೆಟ್ಟಿಲಿನಲ್ಲಿ ತೆವಳಿಕೊಂಡು ಇಳಿಯುತ್ತಾಳೆ, ಹಾಲ್‌ನಲ್ಲಿ ಬಿಳಿ ಕುದುರೆಯೊಂದು ನಿಂತಂತೆ ಕಾಣುತ್ತದೆ, ಪ್ರಜ್ಞೆ ತಪ್ಪುತ್ತಾಳೆ. ಲೀಲಂಡ್ ಕನ್ನಡಿ ಮುಂದೆ ನಿಂತು ಟೈ ಸರಿಮಾಡಿಕೊಳ್ಳುತ್ತಾನೆ. ಕನ್ನಡಿಯಲ್ಲಿ ಇರುವುದು ಬಾಬ್‌ನ ಮುಖ. ಅಷ್ಟೇ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಹೊತ್ತಿಗೆ ಮೆಟ್ಟಿಲಿಳಿದು ಬರುವವಳು ಮ್ಯಾಡಿ, ಲಾರಾಳ ಹಾಗೇ ಇರುವ ಅವಳ ನೆಂಟರ ಹುಡುಗಿ. ಎರಡೂ ಪಾತ್ರ ಮಾಡಿದ್ದು ಶೆರಿಲ್ ಲೀ. ಆಮೇಲೆ ನಡೆಯುವ ಕೊಲೆಯನ್ನು ಬರೆಯಲು ನನಗೆ ಮನಸ್ಸಿಲ್ಲ. ಅದು ಬೇಗ ಮುಗಿಯುವುದಿಲ್ಲ. ಕಣ್ಣು ತಿರುಗಿಸಲೂ ಬಿಡುವುದಿಲ್ಲ.

ಅದೇ ಹೊತ್ತಿಗೆ ಊರಾಚೆಯ ರೋಡ್‌ಹೌಸ್‌ನಲ್ಲಿ ಕೂಪರ್ ಕೂತಿದ್ದಾನೆ. ವೇದಿಕೆಯ ಮೇಲೆ ಹಾಡುಗಾರ್ತಿ ಮಾಯವಾಗಿ ದೈತ್ಯನೊಬ್ಬ ಕಾಣಿಸಿಕೊಂಡು, ಅದು ಮತ್ತೆ ನಡೆಯುತ್ತಿದೆ ಅನ್ನುತ್ತಾನೆ. ಒಬ್ಬ ಮುದಿ ವೇಟರ್ ಹತ್ತಿರ ಬಂದು ಕ್ಷಮೆ ಕೇಳುತ್ತಾನೆ. ಇನ್ನೊಂದು ಟೇಬಲ್ಲಿನಲ್ಲಿ ಲಾರಾಳ ಗೆಳತಿ ಡಾನಾ ಅಳಲು ಶುರುಮಾಡುತ್ತಾಳೆ. ಯಾಕೆ ಅಂತ ಅವಳಿಗೆ ಗೊತ್ತಿಲ್ಲ. ಅಲ್ಲಿರುವ ಯಾರಿಗೂ ಏನೂ ಗೊತ್ತಿಲ್ಲ. ಗೊತ್ತಿರುವುದು ನಮಗೆ ಮಾತ್ರ.

ಇದನ್ನು ಯಾರಾದರೂ ಕೋಳಿ ಕೊಯ್ದದ್ದು ಅನ್ನಲಿ, ನಾನು ಒಪ್ಪುವುದಿಲ್ಲ. ಟಿವಿಯಲ್ಲಿ ನಾನು ನೋಡಿದ ಅತ್ಯಂತ ಭಾರದ ಅರ್ಧ ಗಂಟೆ ಇದು. ಒಗಟು ಬಿಡಿಸಿದ ಖುಷಿ ಇದರಲ್ಲಿ ಒಂದು ಚೂರೂ ಇಲ್ಲ. ಯಾರು ಯಾರು ಅಂತ ತಿಂಗಳುಗಟ್ಟಲೆ ಕುತೂಹಲಪಟ್ಟವರ ಕೈಗೆ ಆ ಉತ್ತರವನ್ನು ಇಟ್ಟು, ಈಗ ಇದನ್ನು ಹೊತ್ತುಕೊಳ್ಳಿ ಅನ್ನುತ್ತದೆ.

ಉತ್ತರ ಗೊತ್ತಿದ್ದು ನೋಡಿದಾಗ

ಎರಡನೇ ಸಲ ನೋಡುವಾಗ ನನ್ನನ್ನು ಅಲ್ಲಾಡಿಸಿದ್ದು ಮೊದಲ ಕಂತಿನ ಫೋನ್ ದೃಶ್ಯ. ಮಗಳು ಕಾಣುತ್ತಿಲ್ಲ ಅಂತ ಸಾರಾ ಗಂಡ ಇರುವ ಹೋಟೆಲ್‌ಗೆ ಫೋನ್ ಮಾಡುತ್ತಾಳೆ. ಅವನು ಸಮಾಧಾನ ಹೇಳುತ್ತಿರುವಾಗಲೇ ಶೆರಿಫ್ ಟ್ರೂಮನ್ ಬಾಗಿಲಿಂದ ಒಳಗೆ ಬರುತ್ತಾನೆ. ಲೀಲಂಡ್ ಶೆರಿಫ್‌ನ ಹೆಸರು ಉಚ್ಚರಿಸುತ್ತಾನೆ, ಆ ಕಡೆ ಸಾರಾಳಿಗೆ ಅಷ್ಟೇ ಸಾಕಾಗುತ್ತದೆ. ರಿಸೀವರ್ ಕೈಯಿಂದ ಬೀಳುತ್ತದೆ. ಕ್ಯಾಮೆರಾ ಫೋನಿನ ವೈರನ್ನು ಹಿಡಿದು ನಿಧಾನಕ್ಕೆ ಕೆಳಗಿಳಿಯುತ್ತದೆ. ತೂಗಾಡುವ ರಿಸೀವರ್‌ನೊಳಗಿಂದ ತಾಯಿಯ ಕೂಗು ಬರುತ್ತಲೇ ಇರುತ್ತದೆ.

ಮೊದಲ ಸಲ ಇದು ಮಗಳನ್ನು ಕಳೆದುಕೊಂಡ ಅಪ್ಪನ ದುಃಖ. ಎರಡನೇ ಸಲವೂ ಅದು ದುಃಖವೇ, ನಟನೆ ಅಂತ ಅನ್ನಿಸುವುದಿಲ್ಲ. ಅದೇ ಭಯಂಕರ. ಮಗಳ ಫೋಟೋ ಹಿಡಿದು ಕುಣಿಯುತ್ತಾ ಗಾಜು ಒಡೆದು ರಕ್ತ ಸುರಿಸಿಕೊಳ್ಳುವುದು, ಮಣ್ಣಿಗಿಡುವಾಗ ಶವಪೆಟ್ಟಿಗೆಯ ಮೇಲೆ ಬಿದ್ದು ಅದರ ಜೊತೆ ಮೇಲೆ ಕೆಳಗೆ ಹೋಗುವುದು, ಒಂದೇ ರಾತ್ರಿಯಲ್ಲಿ ತಲೆಗೂದಲು ಬೆಳ್ಳಗಾಗುವುದು, ಎಲ್ಲಕ್ಕೂ ಎರಡೆರಡು ಮುಖ ಬರುತ್ತದೆ. ಒಳ್ಳೆಯ ಉತ್ತರ ಕಥೆಯನ್ನು ಮುಚ್ಚುವುದಿಲ್ಲ, ಮೊದಲಿನಿಂದ ಮತ್ತೆ ಓದಿಸುತ್ತದೆ. ಉತ್ತರ ಹೇಳದೇ ಹೋಗಿದ್ದರೆ ಈ ದೃಶ್ಯಗಳು ಸುಮ್ನೆ ವಿಚಿತ್ರ ದೃಶ್ಯಗಳಾಗಿ ಉಳಿಯುತ್ತಿದ್ದವು.

ಇನ್ನೊಂದು ಕಾರಣವೂ ಇದೆ, ನನಗೆ ಇದೇ ಮುಖ್ಯ. ಲಾರಾ ತನ್ನ ಸ್ವಂತ ಮನೆಯಲ್ಲಿ, ಸ್ವಂತ ಅಪ್ಪನಿಂದ ವರ್ಷಗಟ್ಟಲೆ ಹಿಂಸೆ ಪಟ್ಟ ಹುಡುಗಿ. ಅವಳ ಡೈರಿಯಲ್ಲಿ ಅದೆಲ್ಲ ಇತ್ತು, ಹಾಳೆಗಳನ್ನು ಹರಿದುಹಾಕಲಾಗಿತ್ತು. ಇಂಥ ಹುಡುಗಿಯ ಸಾವನ್ನು ಕೊನೆಯಿಲ್ಲದ ಕುತೂಹಲವಾಗಿ ಉಳಿಸಿಕೊಂಡು, ಅದರ ಸುತ್ತ ಕಾಫಿ, ಚೆರ್ರಿ ಪೈ, ಚೆಂದದ ಸಂಗೀತ ಇಟ್ಟುಕೊಂಡು ಹೋದರೆ, ಅವಳ ಹೆಣ ಒಂದು ಅಲಂಕಾರ ಆಗಿಬಿಡುತ್ತದೆ. ಅವಳ ಊರಿನವರು ಅವಳಿಗೆ ಮಾಡಿದ್ದೂ ಅದನ್ನೇ. ಎಲ್ಲರಿಗೂ ಅನುಮಾನವಿತ್ತು, ಯಾರೂ ಬಾಯಿ ಬಿಡಲಿಲ್ಲ. ಹೆಸರು ಹೇಳುವುದು ಲಾರಾಳ ವಿಷಯದಲ್ಲಿ ನ್ಯಾಯ. ಇಲ್ಲಿ ನಾನು ಫ್ರಾಸ್ಟ್ ಕಡೆ.

ಹಾಗಾದರೆ ತಪ್ಪಿದ್ದೆಲ್ಲಿ

17ನೇ ಕಂತಿನಲ್ಲಿ, ಡಿಸೆಂಬರ್ 1ಕ್ಕೆ, ಲೀಲಂಡ್ ಸಿಕ್ಕಿಬೀಳುತ್ತಾನೆ. ಲಾಕಪ್‌ನಲ್ಲಿ ಬಾಬ್ ಅವನನ್ನು ಬಿಟ್ಟು ಹೋಗುತ್ತಾನೆ. ಮೇಲಿಂದ ನೀರು ಸುರಿಯುತ್ತಿರುವಾಗ ಕೂಪರ್ ಸಾಯುತ್ತಿರುವ ಲೀಲಂಡ್‌ನ ತಲೆಯನ್ನು ಹಿಡಿದುಕೊಂಡು, ಬೆಳಕಿನ ಕಡೆ ಹೋಗು ಅಂತ ಸಮಾಧಾನ ಹೇಳಿ ಕಳಿಸುತ್ತಾನೆ. ದೃಶ್ಯ ಚೆನ್ನಾಗಿದೆ. ಆದರೆ ಎಲ್ಲ ಪಾಪವನ್ನೂ ಬಾಬ್ ತಲೆಗೆ ಕಟ್ಟಿ, ಅಪ್ಪನ ಕೈ ತೊಳೆದುಬಿಟ್ಟಿತೇನೋ ಅನ್ನುವ ಅನುಮಾನ ಬರುತ್ತದೆ. ಬರೆದವರಿಗೂ ಅದು ಬಂದಿರಬೇಕು. ಅದೇ ಕಂತಿನ ಕೊನೆಯಲ್ಲಿ ನಾಲ್ವರು ಕಾಡಿನಲ್ಲಿ ನಿಂತು ಇದನ್ನೇ ಮಾತಾಡುತ್ತಾರೆ. ಬಾಬ್ ನಿಜವಾಗಿ ಇದ್ದಾನಾ? ಟ್ರೂಮನ್‌ಗೆ ನಂಬಲು ಆಗುತ್ತಿಲ್ಲ. ಅಪ್ಪನೇ ಮಗಳನ್ನು ಕೆಡಿಸಿ ಕೊಂದ ಅಂತ ನಂಬುವುದು ನಿನಗೆ ಇದಕ್ಕಿಂತ ಸುಲಭವಾ ಅಂತ ಕೂಪರ್ ಕೇಳುತ್ತಾನೆ. ಮನುಷ್ಯರು ಮಾಡುವ ಕೆಡುಕಿಗೇ ಬಾಬ್ ಅನ್ನುವ ಹೆಸರಿರಬಹುದು ಅಂತ ಎಫ್‌ಬಿಐನ ಇನ್ನೊಬ್ಬ ಏಜೆಂಟ್ ಆಲ್ಬರ್ಟ್ ಅನ್ನುತ್ತಾನೆ. ಯಾವುದನ್ನೂ ತೀರ್ಮಾನ ಮಾಡದೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅಪರಾಧಕ್ಕೆ ಉತ್ತರ ಕೊಟ್ಟು, ಭಯವನ್ನು ಹಾಗೇ ಬಿಟ್ಟ ಜಾಗ ಇದು. ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ.

ಮುಂದಿನ ಕಂತು ಲೀಲಂಡ್‌ನ ತಿಥಿ ಊಟದಂಥ ಕೂಟದಿಂದ ಶುರುವಾಗುತ್ತದೆ. ಮೂರು ದಿನ ಆಗಿದೆ. ಊರಿನ ಜನ ತಟ್ಟೆ ಹಿಡಿದು ತಿನ್ನುತ್ತಿದ್ದಾರೆ, ಹರಟುತ್ತಿದ್ದಾರೆ, ಇಬ್ಬರು ಮುದಿ ಅಣ್ಣತಮ್ಮಂದಿರು ಜಗಳವಾಡುತ್ತಾರೆ, ಅದು ತಮಾಷೆ. ಈ ಮನುಷ್ಯ ಮಗಳನ್ನು ಕೊಂದ, ಮ್ಯಾಡಿಯನ್ನು ಇದೇ ಹಾಲ್‌ನಲ್ಲಿ ಕೊಂದ. ಅದರ ಭಾರ ಆ ಕೋಣೆಯಲ್ಲಿ ಎಲ್ಲೂ ಇಲ್ಲ. ಮ್ಯಾಡಿಯನ್ನಂತೂ ಮರೆತೇಬಿಟ್ಟರು.

ತಪ್ಪಿದ್ದು ಇಲ್ಲಿ. ಉತ್ತರವನ್ನು ಹರಕೆ ತೀರಿಸಿದ ಹಾಗೆ ತೀರಿಸಿ, ಎಲೆ ಮಡಚಿ ಎದ್ದುಬಿಟ್ಟರು. ಉಳಿದ 13 ಕಂತುಗಳಿಗೆ ಬೇರೆ ಕಥೆ ಹುಡುಕಿದರು. ಕೂಪರ್‌ನ ಹಳೆಯ ಜೊತೆಗಾರ ವಿಂಡಮ್ ಅರ್ಲ್ ಚೆಸ್ ಆಟವಾಡುತ್ತಾ ಕೊಲೆ ಮಾಡುತ್ತಾನೆ. ಬೆನ್ ಹಾರ್ನ್ ತಾನು ಅಂತರ್ಯುದ್ಧದ ಸೇನಾಪತಿ ಅಂದುಕೊಂಡು ಆಟದ ಸೈನಿಕರನ್ನು ಜೋಡಿಸುತ್ತಾನೆ. ಇವುಗಳಲ್ಲಿ ನೋಡುವಂಥದ್ದು ಸ್ವಲ್ಪ ಇದೆ, ಜಾಸ್ತಿ ಇಲ್ಲ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧದ ಸುದ್ದಿಗಾಗಿ ಪ್ರಸಾರ ತಪ್ಪಿತು, ಫೆಬ್ರವರಿಯಲ್ಲಿ ಚಾನೆಲ್ ಧಾರಾವಾಹಿಯನ್ನು ನಿಲ್ಲಿಸಿಟ್ಟಿತು. ಅಭಿಮಾನಿಗಳು ಪತ್ರ ಬರೆದು ಒತ್ತಾಯಿಸಿದ ಮೇಲೆ ಉಳಿದ ಕಂತುಗಳು ಬಂದವು. ಜೂನ್ 10ಕ್ಕೆ ಎಲ್ಲ ಮುಗಿಯಿತು.

ಇದೇ ಎಬಿಸಿ, 2007ರಲ್ಲಿ ‘ಲಾಸ್ಟ್’ ಅನ್ನುವ ಇನ್ನೊಂದು ನಿಗೂಢ ಧಾರಾವಾಹಿಗೆ ಮೂರು ವರ್ಷ ಮೊದಲೇ ಮುಗಿಯುವ ದಿನ ಗೊತ್ತುಮಾಡಿ ಕೊಟ್ಟಿತು. ಬರೆಯುವವರಿಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಯಿತು. ಅದರ ಕೊನೆಯ ಬಗ್ಗೆಯೂ ಜಗಳ ಇನ್ನೂ ನಿಂತಿಲ್ಲ, ಅದು ಬೇರೆ ಮಾತು. ಆದರೆ ಲಿಂಚ್ ಮತ್ತು ಫ್ರಾಸ್ಟ್‌ಗೆ ಇಂಥ ಗಡುವು ಸಿಕ್ಕಿದ್ದರೆ, ಲೀಲಂಡ್‌ನ ಹೆಸರು ಬಂದ ಮೇಲೆ ಕಥೆಗೆ ದಿಕ್ಕು ತಪ್ಪುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಬಾಕಿ ತೀರಿಸಿದ್ದು ಲಿಂಚ್

ವಿಚಿತ್ರ ನೋಡಿ. ಉತ್ತರವೇ ಬೇಡ ಅಂದಿದ್ದ ಲಿಂಚ್ ಆ ಉತ್ತರದ ಭಾರವನ್ನು ಹೊತ್ತುಕೊಂಡರು. 1992ರಲ್ಲಿ ಅವರು ಮಾಡಿದ ಸಿನಿಮಾ ಲಾರಾಳ ಕೊನೆಯ ಏಳು ದಿನಗಳ ಕಥೆ. ಕೊಲೆಗಾರ ಯಾರೆಂದು ಎಲ್ಲರಿಗೂ ಗೊತ್ತು, ಅವಳು ಸಾಯುತ್ತಾಳೆ ಅಂತಲೂ ಗೊತ್ತು. ಜನ ಕೇಳುತ್ತಿದ್ದದ್ದು ಬೇರೆ. ಧಾರಾವಾಹಿಯ ಕೊನೆಯಲ್ಲಿ ಕೂಪರ್ ಕನ್ನಡಿಗೆ ಹಣೆ ಗುದ್ದಿಕೊಂಡು, ತಾನು ಪ್ರೀತಿಸಿದ ಆನಿ ಹೇಗಿದ್ದಾಳೆ ಅಂತ ಕೇಳುತ್ತಾ ಬಾಬ್‌ನ ನಗು ನಕ್ಕಿದ್ದನಲ್ಲ, ಅವನ ಗತಿ ಏನಾಯಿತು ಅಂತ. ಅದಕ್ಕೆ ಉತ್ತರ ಸಿಗಲಿಲ್ಲ. ಸಿನಿಮಾ ಅಮೆರಿಕದಲ್ಲಿ ಸೋತಿತು. ಅದರಲ್ಲಿ ಊಟದ ಮೇಜಿನ ದೃಶ್ಯವೊಂದಿದೆ. ಕೈ ತೊಳೆದಿಲ್ಲ ಅಂತ ಲೀಲಂಡ್ ಮಗಳ ಬೆರಳನ್ನು ಹಿಡಿದು ಉಗುರಿನ ಕೊಳೆ ತೋರಿಸುತ್ತಾನೆ. ಬಾಬ್ ಅಲ್ಲಿಲ್ಲ. ಇರುವುದು ಅಪ್ಪ ಮಾತ್ರ. ಟಿವಿಯಲ್ಲಿ ತೊಳೆದುಹೋಗಿದ್ದ ಕೈಯನ್ನು ಲಿಂಚ್ ಇಲ್ಲಿ ಮತ್ತೆ ತೋರಿಸಿದರು. ಈ ಸಿನಿಮಾಕ್ಕೆ ಸಲ್ಲಬೇಕಾದ ಗೌರವ ಈಚಿನ ವರ್ಷಗಳಲ್ಲಿ ಸಲ್ಲುತ್ತಿದೆ. ನನಗೆ ಅದರಿಂದ ಸಂತೋಷ.

2017ರಲ್ಲಿ 18 ಕಂತುಗಳ ಹೊಸ ಸೀಸನ್ ಬಂತು. ಎಲ್ಲವನ್ನೂ ನಿರ್ದೇಶಿಸಿದವರು ಲಿಂಚ್. ಉಳಿದ ಪ್ರಶ್ನೆಗಳನ್ನು ಇಬ್ಬರೂ ಆಗ ಹಂಚಿಕೊಂಡ ಹಾಗೆ ಕಾಣುತ್ತದೆ. ಫ್ರಾಸ್ಟ್ ಪುಸ್ತಕ ಬರೆದು ಒಂದಿಷ್ಟು ಉತ್ತರ ಕೊಟ್ಟರು. ಆನಿ ಆಸ್ಪತ್ರೆಯಲ್ಲಿ ಮಾತಿಲ್ಲದೆ ಇದ್ದಾಳೆ, ವರ್ಷಕ್ಕೊಮ್ಮೆ ಮಾತ್ರ ತಾನು ಚೆನ್ನಾಗಿದ್ದೇನೆ ಅನ್ನುತ್ತಾಳೆ. 26 ವರ್ಷ ತೂಗಾಡಿದ ಪ್ರಶ್ನೆಗೆ ಎಷ್ಟು ಚಿಕ್ಕ, ಎಷ್ಟು ನೋವಿನ ಉತ್ತರ! ಲಿಂಚ್ ತೆರೆಯ ಮೇಲೆ ಅದನ್ನು ಮುಟ್ಟಲೇ ಇಲ್ಲ. ಬೆನ್ ಹಾರ್ನ್‌ನ ಮಗಳು ಆಡ್ರಿ ಎಲ್ಲಿದ್ದಾಳೆ ಅನ್ನುವುದನ್ನೂ ಹೇಳಲಿಲ್ಲ. ಉತ್ತರ ಕೊಡಲು ಹೋದ ಒಂದು ಕಡೆ ಸಪ್ಪೆಯಾಯಿತು. ಬಾಬ್‌ನನ್ನು ಹಸಿರು ಗ್ಲೌಸ್ ತೊಟ್ಟ ಹುಡುಗನೊಬ್ಬ ಗುದ್ದಿ ಪುಡಿ ಮಾಡುತ್ತಾನೆ. ಕನ್ನಡಿಯಲ್ಲಿ ತಾನಾಗಿ ಬಂದ ಭಯವನ್ನು ಮುಷ್ಟಿಯಿಂದ ಮುಗಿಸಿದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಆದರೆ ಸಾರಾ ಇದ್ದಾಳೆ. ಅದೇ ಮನೆ, ಅದೇ ಹಾಲ್. ಗಂಡ ಇಲ್ಲ, ಮಗಳಿಲ್ಲ. ಒಬ್ಬಳೇ ಕುಡಿಯುತ್ತಾ, ಪ್ರಾಣಿಗಳು ಒಂದನ್ನೊಂದು ಹರಿದು ತಿನ್ನುವುದನ್ನು ಟಿವಿಯಲ್ಲಿ ನೋಡುತ್ತಾ ಕೂತಿರುತ್ತಾಳೆ. 1990ರ ಆ ಕೂಟದಲ್ಲಿ ಯಾರೂ ಕಾಣದ ಭಾರ ಇಲ್ಲಿ ಕೂತಿದೆ.

ಕೊನೆಯಲ್ಲಿ ಕೂಪರ್ ಕಾಲದ ಹಿಂದಕ್ಕೆ ಹೋಗಿ, ಲಾರಾಳ ಕೈ ಹಿಡಿದು, ಸಾಯುವ ಮುಂಚೆಯೇ ಅವಳನ್ನು ಕಾಡಿನಿಂದ ಕರೆದುಕೊಂಡು ಬರಲು ನೋಡುತ್ತಾನೆ. ನೀರಿನ ದಂಡೆಯಲ್ಲಿದ್ದ ಹೆಣ ಅಳಿಸಿಹೋಗುತ್ತದೆ. ಪೀಟ್ ಸುಮ್ನೆ ಮೀನು ಹಿಡಿಯಲು ಹೋಗುತ್ತಾನೆ. ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ ಅವಳ ಕೈ ತಪ್ಪಿಹೋಗುತ್ತದೆ. ಮುಂದೆ ಟೆಕ್ಸಸ್‌ನಲ್ಲಿ, ಬೇರೆ ಹೆಸರಿನ, ಲಾರಾಳಂತೆಯೇ ಇರುವ ನಡುವಯಸ್ಸಿನ ಹೆಂಗಸನ್ನು ಹುಡುಕಿ, ರಾತ್ರಿಯಿಡೀ ಕಾರು ಓಡಿಸಿಕೊಂಡು ಪಾಮರ್ ಮನೆಗೆ ಕರೆತರುತ್ತಾನೆ. ಬಾಗಿಲು ತೆರೆಯುವವಳು ಬೇರೆ ಯಾರೋ. ಆ ಪಾತ್ರ ಮಾಡಿದವರು ಚಿತ್ರೀಕರಣ ನಡೆದ ಆ ಮನೆಯ ನಿಜವಾದ ಒಡತಿ. ಸಾರಾ ಪಾಮರ್ ಅನ್ನುವ ಹೆಸರೇ ಬಾಗಿಲು ತೆರೆದವಳಿಗೆ ಗೊತ್ತಿಲ್ಲ.

ಇಬ್ಬರೂ ಮೆಟ್ಟಿಲಿಳಿದು ರಸ್ತೆಗೆ ಬರುತ್ತಾರೆ. ಕೂಪರ್ ಬೆನ್ನು ಬಾಗಿಸಿ ನಿಂತು, ಇದು ಯಾವ ವರ್ಷ ಅಂತ ಕೇಳುತ್ತಾನೆ. ಆಕೆ ಮನೆಯ ಕಡೆ ನೋಡುತ್ತಾಳೆ. ದೂರದಿಂದ, ತುಂಬ ಸಣ್ಣಗೆ, ಲಾರಾ ಅಂತ ಕೂಗಿದ್ದು ಕೇಳುತ್ತದೆ. ತಾಯಿಯ ದನಿ. ಹೆಣ ಸಿಕ್ಕಿದ ಆ ಬೆಳಗ್ಗೆ, ಮಗಳು ಏಳಲಿ ಅಂತ ಅಮ್ಮ ಕರೆದಿದ್ದಳಲ್ಲ, ಅದೇ ದನಿ. ಆಕೆ ಕಿರುಚುತ್ತಾಳೆ. ಮನೆಯ ದೀಪಗಳೆಲ್ಲ ಒಂದೇ ಸಲಕ್ಕೆ ಆರಿಹೋಗುತ್ತವೆ.